ಶುಕ್ರವಾರದವಳು

ಬಾವಿಯ ಗಾಲಿ ಕಿರುಗುಟ್ಟಿದರೆ ಅಂದು ಕಪಿಲೆ ಹೊಡೆಯುತ್ತಿರುವವನು ಕೋದಂಡರಾಮಪ್ಪ. ಕಿರುಗುಟ್ಟದೆ ಬರೀ ನೀರು ಸುರಿಯುವ ಸದ್ದು ಕೇಳಿದರೆ ಅವನ ತಮ್ಮ ಚನ್ನರಾಯಪ್ಪ. ಒಲೆಯ ಮುಂದೆ ಕೂತ ಕೋದಂಡರಾಮಪ್ಪನ ಹೆಂಡತಿ ಮುನಿಶಾಮಮ್ಮ ಇದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲವಳಾಗಿದ್ದಳು. ಎತ್ತುಗಳು ಇಳಿಜಾರಿನಲ್ಲಿ ಮುಂದೆ ಹೋದಂತೆ ಹಗ್ಗ ಬಿಗಿದು, ತೊಗಲಿನ ಚೀಲ ನೀರು ತುಂಬಿಕೊಂಡು ಮೇಲೆ ಬರುತ್ತಿತ್ತು. ಗಾಲಿ ಇಡೀ ಚಿಂತಮಾನುಪಲ್ಲಿಗೆ ಕೇಳುವಂತೆ ಅಳುತ್ತಿತ್ತು. ಅವಳ ಗಂಡ ಎತ್ತು ಹೊಡೆದ ಹತ್ತು ವರ್ಷವೂ ಅತ್ತಿತ್ತು. ಮೈದುನನ ಮದುವೆಯಾದ ತಿಂಗಳಿಂದ, ಅವನ ಸರದಿಯ ದಿನಗಳಲ್ಲಿ, ಸುಮ್ಮನಾಯಿತು. ಹೆಂಡತಿ ಇನ್ನೊಂದು ಗಳಿಗೆ ಮಲಗಲಿ ಎಂದು ಅವನು ಗಾಲಿಯ ಅಚ್ಚಿಗೆ ಹರಳೆಣ್ಣೆ ಬಿಡುತ್ತಿದ್ದ.

ಗಾಲಿ ಅಳದ ಬೆಳಗುಗಳಲ್ಲೇ ಮುನಿಶಾಮಮ್ಮನಿಗೆ ಬೇಗ ಎಚ್ಚರವಾಗುತ್ತಿತ್ತು.

ಯುದ್ಧದ ವರ್ಷಗಳಲ್ಲಿ ಗೌನಿಪಲ್ಲಿಯ ಸುತ್ತಿನ ಹಳ್ಳಿಗಳವರು ಅವಳನ್ನು ಬೇರೆಯೇ ರೀತಿ ಬಲ್ಲವರಾಗಿದ್ದರು. ಕಂಕುಳಲ್ಲಿ ಬಸುರಿಯರ ಮದ್ದಿನ ತಗಡಿನ ಪೆಟ್ಟಿಗೆ, ಕಾಲಲ್ಲಿ ಗಂಡಸರ ಮೆಟ್ಟು, ಎತ್ತರದ ಹೆಂಗಸು. ಬಸುರಿ ಕಂಡರೆ ಹೆಸರು ಕೇಳುವ ಮೊದಲೇ, “ಎಲ್ಲಿ, ನಾಲಿಗೆ ಚಾಚಮ್ಮಿ” ಎನ್ನುತ್ತಿದ್ದಳು. ಒಂದೇ ಮನೆಯಲ್ಲಿ ಇಬ್ಬರು ಬಸುರಿಯರಿದ್ದರೆ ಇಬ್ಬರ ನಾಲಿಗೆಯನ್ನೂ ಬೆಳಕಿಗೆ ತಿರುಗಿಸಿ ನೋಡುತ್ತಿದ್ದಳು. ಅಷ್ಟಕ್ಕೂ ನಂಬದೆ, ಗೂಡಿನಲ್ಲಿಟ್ಟ ಮದ್ದಿನ ಸೀಸೆಯಿಂದ ಒಂದು ತೊಟ್ಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ ನೋಡುತ್ತಿದ್ದಳು. ಹುಡುಗಿಯರು ಬೆನ್ನ ಹಿಂದೆ ‘ನಾಲಿಗೆ ಶಾಮಮ್ಮ’ ಎಂದು ನಗುತ್ತಿದ್ದರು. ಅವಳು ತಿರುಗಿ ನೋಡುತ್ತಿರಲಿಲ್ಲ.

ಅವಳೇ ಬಸುರಿಯಾಗಿ, ತನ್ನ ನಾಲಿಗೆಯನ್ನು ಊರಿಗೆಲ್ಲ ಕಾಣದಂತೆ ಬಚ್ಚಿಟ್ಟುಕೊಂಡು ಓಡಾಡಿದ್ದು ಅದಕ್ಕೂ ಮೊದಲು, ಮೂವತ್ತೆಂಟನೇ ಇಸವಿಯಲ್ಲಿ.

ವೇಮಗಲ್ ಕಡೆಯ ಹುಡುಗಿ ಅವಳು. ಹದಿಮೂರಕ್ಕೆ ಈ ಮನೆಗೆ ಬಂದಳು. ಹೆತ್ತದ್ದು ಮೂರು. ಮೊದಲನೆಯದು ಅಳಲೇ ಇಲ್ಲ. ಎರಡನೆಯದು ಎಂಟು ದಿನ ಅತ್ತಿತು. ಮೂರನೆಯದು ಆರು ತಿಂಗಳು ನಕ್ಕಿತು. ಅವಳನ್ನು ಹೊಟ್ಟೆಕಿಚ್ಚಿನವಳೆಂದು ಯಾರೂ ಅಂದವರಲ್ಲ, ಅವಳ ಕಿಚ್ಚಿಗೆ ಹೊಗೆ ಇರಲಿಲ್ಲ. ಬೇರೆಯವರ ತೊಟ್ಟಿಲ ಶಾಸ್ತ್ರಕ್ಕೆ ಹೋಗಿ ಎಲ್ಲರಿಗಿಂತ ಜೋರಾಗಿ ಹಾಡಿ, ಬುಟ್ಟಿ ತುಂಬ ಕಡಲೆ ಹಂಚಿ, ಮನೆಗೆ ಬಂದು ಮುಸುರೆಯನ್ನು ಎರಡೆರಡು ಸಲ ತಿಕ್ಕುತ್ತಿದ್ದಳು.

ಓರಗಿತ್ತಿ ಭಾರತಮ್ಮ ಅವಳಿಗಿಂತ ಆರು ವರ್ಷಕ್ಕೆ ಚಿಕ್ಕವಳು, ನಂಗಲಿ ಕಡೆಯವಳು. ಊರಲ್ಲಿ ಹದಿನೆಂಟು ದಿನ ಭಾರತದ ಕಥೆ ಓದಿಸುವಾಗ ಹುಟ್ಟಿದವಳೆಂದು ಆ ಹೆಸರು. ಕಾಲಿಟ್ಟ ವರ್ಷ ಎಮ್ಮೆ ಎರಡು ಹೊತ್ತೂ ಹಾಲು ಕೊಟ್ಟಿತು ಎಂದು ಅತ್ತೆ ಅಕ್ಕಯಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು. ತಾನು ಕಾಲಿಟ್ಟ ವರ್ಷ ಎಮ್ಮೆ ಏನು ಮಾಡಿತ್ತೆಂದು ಮುನಿಶಾಮಮ್ಮ ಯಾವತ್ತೂ ಕೇಳಲಿಲ್ಲ.

ಇಬ್ಬರೂ ಒಂದೇ ತಿಂಗಳಲ್ಲಿ ಬಸುರಾದರು.

“ಒಂದೇ ಮನೇಲಿ ಎರಡು ಬಸುರಿ! ಅಯ್ಯೋ ದೇವುಡಾ, ಇನ್ನು ನಾನು ಹೊಸಿಲು ಕಾಯ್ಕೊಂಡು ಕೂತಿರಬೇಕು” ಎಂದಳು ಅಕ್ಕಯಮ್ಮ. ಒಂದೇ ಮನೆಯ ಇಬ್ಬರು ಬಸುರಿಯರು ಒಂದೇ ದಿನ ಊರಾಚೆಗೆ ಹೊಸಿಲು ದಾಟಬಾರದು. ದಾಟಿದರೆ ಹಿಂದೆ ಹೋದವಳ ಪಾಲನ್ನು ಮುಂದೆ ಹೋದವಳು ಕೊಂಡೊಯ್ಯುತ್ತಾಳೆ ಎನ್ನುವುದು ಆ ಮನೆಯ ನಂಬಿಕೆ. ಅಂದಿನಿಂದ ಒಬ್ಬಳು ಹೊರಟರೆ ಇನ್ನೊಬ್ಬಳು ಮನೆಯಲ್ಲಿ.

ಅದೇ ಸಮಯಕ್ಕೆ ಗೌನಿಪಲ್ಲಿಯ ಛತ್ರಕ್ಕೆ ಕೋಲಾರದಿಂದ ಒಬ್ಬ ಡಾಕ್ಟರಮ್ಮ ಬರತೊಡಗಿದರು. ಶ್ರೀನಿವಾಸಪುರದವರೆಗೆ ರೈಲು, ಅಲ್ಲಿಂದ ಬಸ್ಸು. ಹಿಂದಿನ ಎರಡು ವರ್ಷ ಊರೂರು ತಿರುಗಿ, ಯಾವ ಮನೆಯಲ್ಲಿ ಯಾವ ಬಾಣಂತಿ ಉಳಿದಳು, ಯಾರು ಉಳಿಯಲಿಲ್ಲ, ಹೋದವಳು ಹೋಗುವ ಮೊದಲು ಹೇಗಿದ್ದಳು ಎಂದು ಬರೆದುಕೊಂಡು ಹೋದವರು ಅವರೇ. ಸತ್ತವರಲ್ಲಿ ಹೆಚ್ಚಿನವರು ತಿಂಗಳುಗಟ್ಟಲೆ ಮೊದಲೇ ಬಿಳಿಚಿಕೊಂಡಿದ್ದವರು, ಮೆಟ್ಟಿಲು ಹತ್ತಿದರೆ ಏದುಸಿರು ಬಿಡುತ್ತಿದ್ದವರು ಎಂದು ಅವರ ಬರಹದಲ್ಲಿ ಕಂಡಿತ್ತು. ಹೆರುವ ಹೊತ್ತಿಗೆ ಓಡಿಬಂದು ಮಾಡುವುದೇನೂ ಉಳಿದಿರುವುದಿಲ್ಲ, ಮೂರನೇ ತಿಂಗಳಿಂದಲೇ ರಕ್ತ ಹೆಚ್ಚಿಸಬೇಕು ಎನ್ನುತ್ತಿದ್ದರು. ಅದಕ್ಕೆ ಕಬ್ಬಿಣದ ಮದ್ದು. ಆ ಮದ್ದು ನಿಜಕ್ಕೂ ಸಾವು ತಡೆಯುತ್ತದೆಯೇ ಎಂದು ತಿಳಿಯಲು ಒಂದು ಏರ್ಪಾಡು ಮಾಡಿದ್ದರು. ಸೋಮವಾರ ಬಂದು ಹೆಸರು ಬರೆಸಿದವರಿಗೆ ಮದ್ದು. ಶುಕ್ರವಾರ ಬಂದು ಬರೆಸಿದವರಿಗೆ ನುಗ್ಗೆಸೊಪ್ಪು ತಿನ್ನಿ, ದಂಟು ತಿನ್ನಿ ಎಂಬ ಬುದ್ಧಿಮಾತು ಮಾತ್ರ. ವಾರವಾರ ಎರಡೂ ಕಡೆಯವರ ರಕ್ತ ನೋಡಿ ಬರೆದಿಡುವುದು.

ಈ ಏರ್ಪಾಡು ಊರಿನ ಯಾರಿಗೂ ಮೊದಲು ಗೊತ್ತಿರಲಿಲ್ಲ. ಡಾಕ್ಟರಮ್ಮ ಬಂದಿದ್ದಾರೆ, ಬಸುರಿಯರನ್ನು ನೋಡುತ್ತಾರೆ ಎಂಬುದಷ್ಟೇ ಸುದ್ದಿ. ಮೊದಲ ಸೋಮವಾರ ಗಾಡಿ ಹತ್ತಬೇಕಾದವಳು ಮುನಿಶಾಮಮ್ಮ. ಹಿರಿಯ ಸೊಸೆ, ಮೂರು ಕಳೆದುಕೊಂಡವಳು, ಅತ್ತೆಯೇ ಹೇಳಿದ್ದಳು. ತಲೆಗೆ ಎಣ್ಣೆ ಹಚ್ಚಿ, ಹೆರಳು ಕಟ್ಟಿ, ಮದ್ದಿಗೆಂದು ತೊಳೆದಿಟ್ಟ ಸೀಸೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಜಗುಲಿಗೆ ಬಂದಿದ್ದಳು. ಅಷ್ಟರಲ್ಲಿ ಹಿತ್ತಲಲ್ಲಿ ಭಾರತಮ್ಮ ವಾಂತಿ ಮಾಡಿಕೊಂಡು ತಲೆ ಸುತ್ತಿ ಕೂತಳು.

“ಅತ್ತಿಗೆ, ಇವತ್ತು ಇವಳು ಹೋಗಲಿ, ನೀವು ಶುಕ್ರವಾರ ಹೋಗಿ. ಡಾಕ್ಟರು ಎಲ್ಲಿಗೂ ಓಡಿಹೋಗಲ್ಲ” ಎಂದ ಚನ್ನರಾಯಪ್ಪ.

“ಹೂಂ, ಹೋಗಲಿ ಬಿಡಪ್ಪ. ನನಗೇನಾಗೈತೆ” ಎಂದಳು ಮುನಿಶಾಮಮ್ಮ. ತೊಳೆದ ಸೀಸೆಯನ್ನೂ ಅವಳೇ ಭಾರತಮ್ಮನ ಕೈಗೆ ಕೊಟ್ಟಳು. ಗಾಡಿ ಹುಣಸೆಮರ ದಾಟುವವರೆಗೆ ಜಗುಲಿಯಲ್ಲೇ ನಿಂತಿದ್ದಳು.

ಶುಕ್ರವಾರ ಅವಳು ಹೋದಾಗ ಡಾಕ್ಟರಮ್ಮ ಬೆರಳಿಗೆ ಸೂಜಿ ಚುಚ್ಚಿ ಒಂದು ತೊಟ್ಟು ರಕ್ತವನ್ನು ಮಸಿ ಹೀರುವ ಕಾಗದಕ್ಕೆ ಒತ್ತಿದರು. ಮೇಜಿನ ಮೇಲೆ ಒಂದು ರಟ್ಟಿನ ಅಟ್ಟೆ. ಅದರಲ್ಲಿ ಸಾಲಾಗಿ ಹತ್ತು ಬಗೆಯ ಕೆಂಪು: ಒಂದು ತುದಿಗೆ ತೊಳೆದ ಹಳೆ ಸೀರೆಯ ಅಂಚಿನಂಥದ್ದು, ಇನ್ನೊಂದು ತುದಿಗೆ ಹೊಸ ಕುಂಕುಮದಂಥದ್ದು. ಕಾಗದವನ್ನು ಒಂದೊಂದಕ್ಕೂ ಹೋಲಿಸಿ, “ಐದನೇದು. ನಿಮ್ಮ ಓರಗಿತ್ತಿದೂ ಐದೇ. ಇಬ್ಬರೂ ಸಮ” ಎಂದರು.

ಭಾರತಮ್ಮ ಮದುವೆಯಾಗಿ ಬಂದಮೇಲೆ ಅವಳೊಂದಿಗೆ ತಾನು ಸಮ ಎಂದು ಯಾರಾದರೂ ಹೇಳಿದ್ದು ಅದೇ ಮೊದಲು. ಮುನಿಶಾಮಮ್ಮ ತಾನು ತಂದಿದ್ದ ಇನ್ನೊಂದು ಸೀಸೆ ಮುಂದಿಟ್ಟಳು.

“ನಿಮಗೆ ಈಗ ಮದ್ದು ಇಲ್ಲಮ್ಮ” ಎಂದರು ಡಾಕ್ಟರಮ್ಮ. “ನೀವು ಶುಕ್ರವಾರದವರು. ರಕ್ತ ನಾಲ್ಕಕ್ಕಿಂತ ಕೆಳಗೆ ಇಳಿದರೆ ಖಂಡಿತ ಕೊಡ್ತೀನಿ. ಅಲ್ಲಿವರೆಗೆ ಸೊಪ್ಪು ಚೆನ್ನಾಗಿ ತಿನ್ನಿ.”

“ಅವಳಿಗೆ ಕೊಟ್ರಲ್ಲ?”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. ಬೇರೆಯವರಾಗಿದ್ದರೆ ಗದರಿಸಿ ಕಳಿಸುತ್ತಿದ್ದರು. “ನೀವು ಬೇಸಾಯದವರು. ಹೊಸ ಗೊಬ್ಬರ ಬಂದರೆ ಎರಡು ಪಾತೀಲಿ ಒಂದೇ ಬೀಜ ಹಾಕಿ, ಒಂದಕ್ಕೆ ಕೊಟ್ಟು, ಒಂದಕ್ಕೆ ಕೊಡದೆ ನೋಡಲ್ವಾ? ಇಲ್ಲದಿದ್ರೆ ಬೆಳೆ ಬಂದಿದ್ದು ಗೊಬ್ಬರದಿಂದಲೋ ಮಳೆಯಿಂದಲೋ ಹೇಗೆ ಗೊತ್ತಾಗುತ್ತೆ?”

“ಗೊಬ್ಬರ ಇಲ್ದಿರೋ ಪಾತಿ ನಾನಾ?” ಎಂದಳು ಮುನಿಶಾಮಮ್ಮ.

ಡಾಕ್ಟರಮ್ಮ ಅವಳ ಬೆರಳಿಗೆ ಹತ್ತಿ ಒತ್ತಿ ಹಿಡಿದರು.

ಖಾಲಿ ಸೀಸೆಯೊಂದಿಗೆ ಅವಳು ಮನೆಗೆ ಬಂದಾಗ ತುಂಬಿದ ಸೀಸೆ ನಡುಮನೆಯ ಗೂಡಿನಲ್ಲಿ ಕೂತಿತ್ತು. ಅದರ ಮೈಗೆ ಅಂಟಿಸಿದ ಕಾಗದದ ಪಟ್ಟಿಯಲ್ಲಿ ಗುರುತುಗಳು. ಬೆಳಿಗ್ಗೆ ಒಂದು ಗುರುತು, ಸಂಜೆ ಒಂದು ಗುರುತು ಕುಡಿಯಬೇಕು. ಮದ್ದಿಗೆ ಹುಣಸೆಹಣ್ಣು ನೆನೆಸಿದ ನೀರಿನ ಬಣ್ಣ. “ಥೂ, ಕುಡುಗೋಲು ನೆಕ್ಕಿದಂಗೈತಕ್ಕ” ಎಂದು ಭಾರತಮ್ಮ ಮುಖ ಹಿಂಡುತ್ತಿದ್ದಳು. ಮುಖ ಹಿಂಡುವುದೂ ಒಂದು ವೈಯಾರವಾಗಿ ಕಂಡಿತು ಮುನಿಶಾಮಮ್ಮನಿಗೆ.

ಎರಡು ವಾರದಲ್ಲಿ ಆ ಮದ್ದಿಗೆ ಭಾರತಮ್ಮನ ನಾಲಿಗೆ ಕಪ್ಪಾಯಿತು.

ಅಕ್ಕಯಮ್ಮ ಕೆನ್ನೆಗೆ ಕೈ ಹೊತ್ತಳು. “ಇದೇನೇ, ಕರಿನಾಲಿಗೆ! ನೋಡು ಭಾರ್ತಿ, ಬಾಯಿ ಬಿಗಿಹಿಡಿದು ಮಾತಾಡು. ಕರಿನಾಲಿಗೇಲಿ ಅಂದ ಕೆಟ್ಟ ಮಾತು ಹಂಗೇ ನಡೀತದೆ.”

“ಒಳ್ಳೇ ಮಾತು ನಡೆಯಲ್ವೇನಮ್ಮ?” ಎಂದು ನಕ್ಕ ಚನ್ನರಾಯಪ್ಪ. “ಎಲ್ಲಿ, ನಾಳೆ ಮಳೆ ಬರ್ತದೆ ಅನ್ನೇ, ನೋಡೇಬಿಡಾನ.”

ಭಾರತಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು, “ಬರ್ತದೆ” ಎಂದಳು. ಮಾರನೆಯ ದಿನ ಹನಿ ಉದುರಿತು. ಮಾವಿನ ಎಲೆ ನೆನೆಯುವಷ್ಟೂ ಅಲ್ಲ. ಸಾಕಾಯಿತು. ಪಕ್ಕದ ಮನೆಯ ಮುನಿಗಂಗಮ್ಮ ಬಂದು, “ನಮ್ಮೆಮ್ಮೆ ಹೆಣ್ಣುಗರು ಹಾಕ್ತದೆ ಅನ್ನಮ್ಮಿ, ನಿನ್ನ ಬಾಯಿಂದ ಬರಲಿ” ಎಂದಳು. ಇನ್ನೊಬ್ಬಳು ಮಗಳ ಗಂಡನ ಕೆಮ್ಮು ವಾಸಿಯಾಗುತ್ತದೆ ಅನ್ನಿಸಿಕೊಂಡು ಹೋದಳು. ಹೋಗುವಾಗ ಒಂದು ಮೊರ ಕಡಲೆಕಾಯಿ ಇಟ್ಟಳು. ಆ ಕಡಲೆಕಾಯಿಯನ್ನು ಹುರಿದು ಎಲ್ಲರ ಮುಂದಿಟ್ಟವಳು ಮುನಿಶಾಮಮ್ಮ. ತಾನು ಒಂದನ್ನೂ ಬಾಯಿಗೆ ಹಾಕಲಿಲ್ಲ.

ಮೂರನೇ ಶುಕ್ರವಾರ ಛತ್ರದಲ್ಲಿ ಅವಳ ಕಾಗದ ಮತ್ತೆ ಐದಕ್ಕೇ ಹೊಂದಿತು. “ಸೋಮವಾರದವರದು ಆಗಲೇ ಏರ್ತಾ ಇದೆ” ಎಂದು ಡಾಕ್ಟರಮ್ಮ ದಾದಿಗೆ ಮೆಲ್ಲಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. ಮಾರನೆಯ ಬೆಳಿಗ್ಗೆ ಒಲೆ ಹಚ್ಚಲು ಎಲ್ಲರಿಗಿಂತ ಮೊದಲು ಎದ್ದವಳು ಗೂಡಿನ ಮುಂದೆ ನಿಂತಳು. ಬಾವಿಯ ಗಾಲಿ ಅಳುತ್ತಿರಲಿಲ್ಲ. ಆ ಮೌನದಲ್ಲಿ ಬಿರಡೆ ತೆಗೆದು ಒಂದು ಗುರುತಿನಷ್ಟು ಬಾಯಿಗೆ ಬಿಟ್ಟುಕೊಂಡಳು. ಹೌದು, ಕುಡುಗೋಲಿನ ರುಚಿಯೇ. ಅವಳಿಗೆ ಅದು ಕಹಿಯೆನಿಸಲಿಲ್ಲ. ಸೀಸೆಯಲ್ಲಿ ಇಳಿದ ಜಾಗಕ್ಕೆ ಬೆಲ್ಲ ಕರಗಿಸಿದ ನೀರು ಹೊಯ್ದಳು. ಬಣ್ಣ ಹೊಂದಿತು.

ಮೊದಮೊದಲು ಬೆಳಗಿಗೆ ಒಂದು ಗುರುತು. ಆಮೇಲೆ ಭಾರತಮ್ಮ ಹಿತ್ತಲಿಗೆ ಹೋದಾಗ ಇನ್ನೊಂದು. ಸೋಮವಾರ ಹೊಸದಾಗಿ ತುಂಬಿಸಿಕೊಂಡು ಬಂದ ಸೀಸೆ ಬುಧವಾರದ ಹೊತ್ತಿಗೆ ಮುಕ್ಕಾಲು ಬೆಲ್ಲದ ನೀರಾಗಿರುತ್ತಿತ್ತು. ಮುನಿಶಾಮಮ್ಮನ ನಾಲಿಗೆಗೆ ಕಪ್ಪು ಹತ್ತಿತು. ಅವಳು ಎಲೆಯಡಿಕೆ ಜಗಿಯುವುದನ್ನು ಕಲಿತಳು. ಸುಣ್ಣ ಜಾಸ್ತಿ ಹಚ್ಚಿ, ಬಾಯಿ ಕೆಂಪಗೆ ಮಾಡಿಕೊಂಡೇ ಹೊರಗೆ ಬರುತ್ತಿದ್ದಳು. “ಇದೇನೇ ಶಾಮಿ, ಬಸುರೀಲಿ ಹೊಸ ಚಟ?” ಎಂದಳು ಅತ್ತೆ. “ಬಾಯಿ ಸಪ್ಪೆ ಅತ್ತೆ” ಎಂದಳು. ಗಂಡ ಕೋದಂಡರಾಮಪ್ಪ ಸಂತೆಯಿಂದ ಒಂದು ಕಟ್ಟು ಎಲೆ ತಂದು, ಒರಳಿನ ಮೇಲಿಟ್ಟು ಹೋದ. ಅವನು ಅವಳಿಗೆಂದು ಏನಾದರೂ ತಂದದ್ದು ಆ ವರ್ಷ ಅದೊಂದೇ.

ಭಾರತಮ್ಮನ ನಾಲಿಗೆ ವಾರವಾರಕ್ಕೆ ತಿಳಿಯಾಗುತ್ತ ಬಂತು. ಅಕ್ಕಯಮ್ಮನಿಗೆ ಅದೇ ಸಂತೋಷ. ಹರಸಿಸಿಕೊಳ್ಳಲು ಬರುತ್ತಿದ್ದವರು ಕಡಿಮೆಯಾದರು.

ಛತ್ರದಲ್ಲಿ ಮುನಿಶಾಮಮ್ಮನ ಕಾಗದ ಆರಕ್ಕೆ ಏರಿತು, ಆಮೇಲೆ ಏಳಕ್ಕೆ. ಡಾಕ್ಟರಮ್ಮ ಅಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಎರಡೆರಡು ಸಲ ನೋಡಿದರು. “ನಿಜ ಹೇಳಿ, ಏನು ತಿಂತಿದ್ದೀರಿ?”

“ನೀವೇ ಹೇಳಿದ್ರಲ್ಲ. ನುಗ್ಗೆಸೊಪ್ಪು.”

ಡಾಕ್ಟರಮ್ಮನ ಮುಖ ಅರಳಿತು. ಶುಕ್ರವಾರ ಬಂದ ಬಸುರಿಯರನ್ನೆಲ್ಲ ಅವಳ ಸುತ್ತ ಕೂರಿಸಿದರು. “ನೋಡಿ, ನನ್ನ ಮಾತು ಕೇಳಿದ್ದು ಈ ಅಮ್ಮ ಒಬ್ಬರೇ. ಹೇಗೆ ಮಾಡ್ತೀರಿ ಅಂತ ಇವರಿಗೆ ಹೇಳಿಕೊಡಿ.” ಮುನಿಶಾಮಮ್ಮ ತಲೆ ತಗ್ಗಿಸಿ, ಸೊಪ್ಪು ಬಿಡಿಸುವುದು, ಬೇಳೆಯ ಜೊತೆ ಬೇಯಿಸುವುದು, ಹುಳಿ ಹಿಂಡುವುದನ್ನು ಹೇಳಿಕೊಟ್ಟಳು. ಹದಿನಾಲ್ಕು ಹೆಂಗಸರು ಅವಳ ಬಾಯಿಯನ್ನೇ ನೋಡುತ್ತಿದ್ದರು. ಬಾಯಿಯನ್ನು ಜಾಸ್ತಿ ತೆರೆಯದೆ ಮಾತಾಡುವುದು ಅಷ್ಟರಲ್ಲಿ ಅವಳಿಗೆ ಅಭ್ಯಾಸವಾಗಿತ್ತು. ಮನೆಗೆ ನಡೆದು ಬರುವಾಗ ಮೈ ಹಗುರವಾಗಿತ್ತು, ಏರು ಹತ್ತಿದರೂ ಉಸಿರು ಕಟ್ಟಲಿಲ್ಲ. ಹೊಟ್ಟೆಯೊಳಗಿನದು ಒದೆಯಿತು. ಹಿಂದಿನ ಮೂರೂ ಇಷ್ಟು ಜೋರಾಗಿ ಒದ್ದಿರಲಿಲ್ಲ.

ಅದೇ ವಾರ ಚನ್ನರಾಯಪ್ಪ ಶ್ರೀನಿವಾಸಪುರದಿಂದ ಭಾರತಮ್ಮನಿಗೆ ಹಸಿರು ಗಾಜಿನ ಬಳೆ ತಂದ. ಅವಳ ಕೈ ಸೋತು ಸಣ್ಣದಾಗಿದ್ದರಿಂದ ಬಳೆ ಮೊಣಕೈವರೆಗೂ ಜಾರುತ್ತಿತ್ತು. ರಾಗಿ ಬೀಸಲು ಕೂತವಳು ನಾಲ್ಕು ಸುತ್ತಿಗೇ ಗೂಟ ಬಿಟ್ಟು, ಗೋಡೆಗೆ ಒರಗಿದಳು. ಬಳೆ ಝಲ್ಲೆಂದಿತು.

“ಸುಸ್ತು ಅಕ್ಕ. ಕಣ್ಣು ಕತ್ತಲಾಗ್ತೈತೆ.”

ಆ ಸದ್ದಿಗೋ ಆ ಮಾತಿಗೋ ಮುನಿಶಾಮಮ್ಮನ ಬಾಯಿ ಜಾರಿತು. “ನಿನಗೇನಮ್ಮ! ಬಳೆ ನಿನಗೆ, ಮದ್ದು ನಿನಗೆ, ಸುಸ್ತೂ ನಿನಗೇ. ಎಲ್ಲಾ ನಿನಗೇ ಆಗಲಿ. ಅನುಭವಿಸಕ್ಕೆ ನೀನು ಉಳಿದ್ರೆ ತಾನೇ?”

ಹೇಳಿದ್ದೇ ತಡ, ಬಾಯಿಗೆ ಕೈ ಅಡ್ಡ ಬಂತು. ಭಾರತಮ್ಮ ಗೂಟ ಹಿಡಿದು ಮತ್ತೆ ಬೀಸತೊಡಗಿದಳು. ಆ ಮನೆಯಲ್ಲಿ ಈಗ ಕರಿನಾಲಿಗೆ ಯಾರದೆಂದು ಗೊತ್ತಿದ್ದವಳು ತಾನೊಬ್ಬಳೇ ಎಂದು ಮುನಿಶಾಮಮ್ಮ ತಿಳಿದಿದ್ದಳು. ಎಲೆಯಡಿಕೆ ಉಗಿದು, ಬಾಯಿ ಮುಕ್ಕಳಿಸಿ, ಹಿತ್ತಲ ಕಲ್ಲಿನ ಮೇಲೆ ಕೂತು ನಾಲಿಗೆಯನ್ನು ಬೇವಿನಕಡ್ಡಿಯ ಸಿಗುರಿನಿಂದ ಕೆರೆದಳು. ಕಪ್ಪು ಹೋಗಲಿಲ್ಲ.

ಹಾಗಂತ ಮಾರನೆಯ ಬೆಳಿಗ್ಗೆ ಅವಳು ಗೂಡಿನ ಮುಂದೆ ನಿಲ್ಲದೆ ಇರಲಿಲ್ಲ. ಇನ್ನು ಬೇಡ ಎಂದುಕೊಂಡೇ ನಿಂತಳು, ಒಳಗಿನದು ಒದೆಯಿತು, ಬಿರಡೆ ತೆಗೆದಳು. ಮೂರು ಸಲ ಮಣ್ಣಿಗೆ ಕೊಟ್ಟ ಕೈಗಳು ಅವು, ಬೇಡವೆಂದರೆ ಕೇಳುತ್ತಿರಲಿಲ್ಲ.

ಹನ್ನೊಂದನೇ ವಾರದ ಶುಕ್ರವಾರ. ಮುನಿಶಾಮಮ್ಮನ ಕಾಗದ ಎಂಟಕ್ಕೆ ಹೊಂದಿತು. ಡಾಕ್ಟರಮ್ಮ ಬರೆದುಕೊಂಡರು, ಆದರೆ ನಗಲಿಲ್ಲ. “ನೀವು ಇಷ್ಟು ಚೆನ್ನಾಗಿದ್ದೀರಿ. ನಿಮ್ಮ ಭಾರತಮ್ಮಂದು ಈ ಸೋಮವಾರ ನಾಲ್ಕಕ್ಕೆ ಇಳಿದಿದೆ. ಪಾದ ಊದಿದೆ. ಮದ್ದು ಸರಿಯಾಗಿ ಕುಡೀತಾಳೆ ತಾನೆ?”

“ಎರಡು ಹೊತ್ತೂ ಕುಡೀತಾಳೆ.” ಅದು ಸುಳ್ಳಾಗಿರಲಿಲ್ಲ.

“ಸೀಸೆ ಪ್ರತಿವಾರ ಖಾಲಿಯಾಗೇ ಬರುತ್ತೆ, ಅದೂ ನಿಜ.” ಡಾಕ್ಟರಮ್ಮ ಅಟ್ಟೆಯನ್ನು ಬೋರಲು ಹಾಕಿದರು. “ಹನ್ನೊಂದು ವಾರ ಕಬ್ಬಿಣ ಕುಡಿದೂ ರಕ್ತ ಇಳೀತಿದೆ ಅಂದ್ರೆ, ಒಳಗೆ ಕೊಕ್ಕೆಹುಳ ಕೂತು ಹೀರ್ತಿದೆ ಅಂತಲೇ ಲೆಕ್ಕ. ಬರೋ ಸೋಮವಾರ ಹುಳದ ಮದ್ದು ಕೊಡಲೇಬೇಕು. ಭಾನುವಾರ ಸಂಜೆಯಿಂದ ಏನೂ ತಿನ್ನದೆ ಖಾಲಿ ಹೊಟ್ಟೇಲಿ ಬರಬೇಕು ಅಂತ ಹೇಳಿ. ತಿಂದಿದ್ರೆ ಮದ್ದು ಕೊಡೋಕಾಗಲ್ಲ.”

“ಆ ಮದ್ದು ಜೋರಾ, ಡಾಕ್ಟರಮ್ಮ?”

“ಜೋರೇ. ಆರು ತಿಂಗಳಿನವಳಿಗೆ, ಇಷ್ಟು ನಿತ್ರಾಣ ಇರೋವಳಿಗೆ ಕೊಡೋಕೆ ನನಗೆ ಕೈ ಬರಲ್ಲ. ಮಗು ಇಳಿದುಬಿಡಬಹುದು. ಅವಳು ತಡೀತಾಳೋ ಇಲ್ಲವೋ. ಆದರೆ ಕಬ್ಬಿಣ ಹಿಡೀತಿಲ್ಲ ಅಂದಮೇಲೆ ಬೇರೆ ದಾರಿ ಕಾಣಿಸ್ತಿಲ್ಲ.” ಕಣ್ಣುಜ್ಜಿಕೊಂಡು, “ನನ್ನವರು ಯಾರೂ ಇಲ್ಲದ ಊರಲ್ಲಿ ನೀವೊಬ್ಬರು ನನ್ನ ಮಾತು ಕೇಳಿದಿರಿ. ಅವಳನ್ನ ನೀವೇ ನೋಡ್ಕೊಳ್ಳಿ” ಎಂದರು.

ಮುನಿಶಾಮಮ್ಮ ದಾರಿಯುದ್ದಕ್ಕೂ ಆ ಕೊನೆಯ ಮಾತನ್ನೇ ಹಿಡಿದುಕೊಂಡು ನಡೆದಳು. ಹೇಳಿಬಿಟ್ಟರೆ ಆ ಮಾತು ಹೋಗುತ್ತದೆ. ಹದಿನಾಲ್ಕು ಹೆಂಗಸರು ನಗುತ್ತಾರೆ. ಅತ್ತೆ ಮನೆಯಿಂದ ಹೊರಗೆ ಹಾಕಬಹುದು. ಹೇಳದಿದ್ದರೆ ಸೋಮವಾರ ಬರುತ್ತದೆ. ಆ ಹುಳ ಯಾವುದೆಂದು ಅವಳಿಗೆ ಗೊತ್ತಿತ್ತು. ಅದು ಎರಡು ಕಾಲಿನ ಮೇಲೆ ಗೌನಿಪಲ್ಲಿಯಿಂದ ಚಿಂತಮಾನುಪಲ್ಲಿಗೆ ನಡೆದು ಹೋಗುತ್ತಿತ್ತು. ಹುಣಸೆಮರದ ಕೆಳಗೆ ಕೂತು, ಹೇಳುತ್ತೇನೆ ಎಂದುಕೊಂಡಳು. ಎದ್ದಾಗ, ನಾಳೆ ಎಂದುಕೊಂಡಳು.

ಮನೆಯಲ್ಲಿ ಚನ್ನರಾಯಪ್ಪ ಹೆಂಡತಿಯ ಊದಿದ ಪಾದಕ್ಕೆ ಬಿಸಿನೀರು ಹೊಯ್ಯುತ್ತಿದ್ದ. ಅಕ್ಕಯಮ್ಮ ಬೈಯುತ್ತಿದ್ದಳು, ಅವನು ಕೇಳಿಸಿಕೊಳ್ಳುತ್ತಿರಲಿಲ್ಲ. ಅದನ್ನು ನೋಡಿದ್ದೇ ಮುನಿಶಾಮಮ್ಮನ ಬಾಯಿಂದ ಬಂದದ್ದು ಡಾಕ್ಟರಮ್ಮನ ಮಾತು ಮಾತ್ರ: ಭಾನುವಾರ ಸಂಜೆಯಿಂದ ಉಪವಾಸ, ಸೋಮವಾರ ಹೊಸ ಮದ್ದು.

ಸೋಮವಾರ ಬೆಳಿಗ್ಗೆ ಗಾಡಿ ಕಟ್ಟುವ ಕೆಲಸ ತಮ್ಮನಿಗಿದ್ದುದರಿಂದ ಕಪಿಲೆಗೆ ಹೋದವನು ಅಣ್ಣ. ಗಾಲಿ ಅಳುತ್ತಿತ್ತು. ಭಾರತಮ್ಮ ಜಗುಲಿಯ ಕಂಬಕ್ಕೆ ಒರಗಿ ಕೂತಿದ್ದಳು. ತುಟಿ, ಒಸಡು, ಉಗುರು ಎಲ್ಲ ಒಂದೇ ಬಣ್ಣ, ಆ ಅಟ್ಟೆಯ ಮೊದಲ ಕೆಂಪು. ಮಡಿಲಲ್ಲಿ ಖಾಲಿ ಸೀಸೆ.

ಮುನಿಶಾಮಮ್ಮ ಅವಳ ಮುಂದೆ ನಿಂತಳು. “ಭಾರ್ತಿ, ಆ ಸೀಸೇಲಿ...”

“ಗೊತ್ತು ಬಿಡಕ್ಕ.”

“ಏನ್ ಗೊತ್ತೇ?”

ಭಾರತಮ್ಮ ಸೀಸೆಯನ್ನು ಮಡಿಲಲ್ಲಿ ಉರುಳಿಸಿದಳು. “ನಮ್ಮಪ್ಪಂದು ಆಲೆಮನೆ. ಬೆಲ್ಲ ಯಾವ ಊರದು ಅಂತ ವಾಸನೇಲಿ ಹೇಳೋಳು ನಾನು. ಮದ್ದು ಸಿಹಿಯಾದ್ರೆ ಗೊತ್ತಾಗಲ್ವಾ? ಮೊದಲನೇ ವಾರವೇ ಗೊತ್ತಾಯ್ತು.”

“ಮತ್ಯಾಕೆ ಬಾಯಿ ಬಿಡಲಿಲ್ಲ?”

“ಅತ್ತೆ ಕರಿನಾಲಿಗೆ ಅನ್ನೋದು ತಪ್ತಲ್ಲ, ಅದಕ್ಕೆ ಸ್ವಲ್ಪ.” ಉಸಿರು ತೆಗೆದುಕೊಳ್ಳಲು ನಿಂತಳು. “ಆಮೇಲೆ, ನಿನಗೆ ಮೂರು ಹೋದವು. ನನಗಿದು ಮೊದಲನೇದು. ನನಗೆ ಇನ್ನೂ ಆಗ್ತಾವೆ, ಅಕ್ಕನಿಗೆ ಇದೊಂದು ನಿಲ್ಲಲಿ ಅಂತ ಸುಮ್ಮನಾದೆ. ಇಷ್ಟು ಸುಸ್ತಾಗ್ತದೆ ಅಂತ ಗೊತ್ತಿರಲಿಲ್ಲ ನೋಡು.”

ಮುನಿಶಾಮಮ್ಮನಿಗೆ ಅಳು ಬರಬೇಕಿತ್ತು. ಬಂದದ್ದು ಹಳೆಯ ಉರಿಯೇ, ಹಿಂದೆಂದಿಗಿಂತ ಜೋರಾಗಿ. ಬಳೆ ಇವಳಿಗೆ, ಗಂಡನ ಹರಳೆಣ್ಣೆ ಇವಳಿಗೆ. ಕದ್ದದ್ದೆಂದು ಒಂಬತ್ತು ವಾರ ಬಚ್ಚಿಟ್ಟು ಕುಡಿದದ್ದೂ ಇವಳು ಕೊಟ್ಟದ್ದೇ ಆಗಿಹೋಯಿತು. ಕೊಡುವುದರಲ್ಲೂ ಇವಳೇ ಮುಂದೆ. ತನಗೆಂದು ಉಳಿದದ್ದೇನು ಎಂದು ಹುಡುಕಿದರೆ, ಒಂದೇ ಒಂದು ಕಂಡಿತು: ಇದನ್ನು ಡಾಕ್ಟರಮ್ಮನಿಗೆ ಹೇಳುವುದು. ಅದನ್ನಾದರೂ ಇವಳಿಗೆ ಬಿಟ್ಟುಕೊಡಬಾರದು.

ಒಳಗೆ ಹೋದಳು. ರಾಗಿ ಅಂಬಲಿಗೆ ಮಜ್ಜಿಗೆ ಬೆರೆಸಿ ದೊಡ್ಡ ಲೋಟದಲ್ಲಿ ತಂದು ಭಾರತಮ್ಮನ ಬಾಯಿಗೆ ಹಿಡಿದಳು.

“ಉಪವಾಸ ಅಕ್ಕ...”

“ಕುಡೀ. ಕುಡಿದ್ರೆ ಆ ಮದ್ದು ಕೊಡಲ್ಲ. ಕುಡಿಯೇ ಅಂದ್ರೆ!”

ಭಾರತಮ್ಮ ಕುಡಿದಳು. ಅಂಬಲಿ ಗದ್ದದ ಮೇಲೆ ಇಳಿಯಿತು. ಮುನಿಶಾಮಮ್ಮ ಅದನ್ನು ಸೆರಗಿನಿಂದ, ಮೃದುವಾಗಿಯೇನೂ ಅಲ್ಲ, ಒರೆಸಿದಳು. ಬಾಯಲ್ಲಿದ್ದ ಎಲೆಯಡಿಕೆಯನ್ನು ಅಂಗಳದ ಮೂಲೆಗೆ ಉಗಿದು, ಹಂಡೆಯ ನೀರಿನಲ್ಲಿ ಬಾಯಿ ಮುಕ್ಕಳಿಸಿದಳು. ಭಾರತಮ್ಮನ ಮಡಿಲಿಂದ ಸೀಸೆ ಎತ್ತಿಕೊಂಡಳು.

ಗದ್ದಲಕ್ಕೆ ಅಕ್ಕಯಮ್ಮ ಹೊರಗೆ ಬಂದಳು. ಖಾಲಿ ಲೋಟ ನೋಡಿದಳು. “ಅಯ್ಯೋ, ಉಪವಾಸ ಕೆಡಿಸಿಬಿಟ್ಟಳಲ್ಲೋ! ಲೇ ಶಾಮಿ, ಸೀಸೆ ಹಿಡ್ಕೊಂಡು ನೀನೆಲ್ಲಿಗೆ? ಇವತ್ತು ಅವಳ ದಿನ ಕಣೇ. ನಿಂದು ಶುಕ್ರವಾರ. ಇಬ್ರೂ ಒಂದೇ ದಿನ ಹೊಸಿಲು ದಾಟಬ್ಯಾಡ್ರೇ!”

“ಅವಳು ದಾಟಲ್ಲ. ನಾನು ದಾಟ್ತೀನಿ.”

“ಅತ್ತಿಗೆ, ಗಾಡಿ ಕಟ್ಟಿದೀನಿ, ತಾಳಿ” ಎಂದ ಚನ್ನರಾಯಪ್ಪ, ಏನೂ ತಿಳಿಯದೆ ನೊಗ ಹಿಡಿದುಕೊಂಡು.

“ಗಾಡಿ ನಿನ್ನ ಹೆಂಡ್ತಿಗೆ ಇಟ್ಟುಕೋಪ್ಪ. ಡಾಕ್ಟರಮ್ಮ ಇಲ್ಲಿಗೇ ಬಂದ್ರೆ ಬೇಕಾಗ್ತದೆ.”

“ಏನಾಗೈತೆ ಹೇಳಿ ಹೋಗೇ!” ಎಂದು ಅಕ್ಕಯಮ್ಮ ಅವಳ ತೋಳಿಗೆ ಕೈ ಹಾಕಿದಳು.

ಮುನಿಶಾಮಮ್ಮ ತಿರುಗಿ, ಅತ್ತೆಗೂ ಮೈದುನನಿಗೂ ಕಾಣುವಂತೆ, ಬೆಳಗಿನ ಬಿಸಿಲಿಗೆ ನಾಲಿಗೆಯನ್ನು ಪೂರ್ತಿ ಚಾಚಿದಳು. ಅಕ್ಕಯಮ್ಮನ ಕೈ ತಾನಾಗಿ ಸಡಿಲಿತು. ಬಾವಿಯ ಕಡೆ ಗಾಲಿ ಒಂದು ಸಲ ಅತ್ತು, ನೀರು ಸುರಿಯಿತು.

“ಇದನ್ನ ತೋರಿಸಕ್ಕೆ ಹೋಗ್ತಿದೀನಿ ಅತ್ತೆ” ಎಂದಳು ಮುನಿಶಾಮಮ್ಮ, ಹೊಸಿಲು ದಾಟಿ, ಅಂಗಳ ದಾಟಿ, ಹುಣಸೆಮರದ ಕಡೆಗೆ ಬೇಗಬೇಗ ಕಾಲು ಹಾಕುತ್ತ. “ಅವಳ ಹೊಟ್ಟೇಲಿ ಹುಳ ಇಲ್ಲ, ಬರೆದಿದ್ದು ತಪ್ಪು, ಹೊಡೆದು ಹಾಕಿ ಅಂತೀನಿ, ಆ ಮದ್ದನ್ನ ಒಂಬತ್ತು ವಾರ ಕುಡಿದಿದ್ದು ಸೋಮವಾರದವಳಲ್ಲ, ಈ ಶುಕ್ರವಾರದವಳು ಅಂತೀನಿ.”